ಹಡಗಿನ ಕ್ಯಾಪ್ಟನ್ ಹೆಂಡತಿ

ಅವನು ಇಂಗ್ಲಿಷ್ ಕ್ಲಾಸಿಗೆ ಸೇರಿದ್ದು ತಡವಾಗಿ, ಪಾಠ ಶುರುವಾಗಿ ಮೂರು ವಾರ ಕಳೆದ ಮೇಲೆ. ಆಮೇಲೆ ಆದದ್ದಕ್ಕೆಲ್ಲ ಆ ಮೂರು ವಾರವೇ ಕಾರಣ ಎಂದು ಗುಬ್ಬಿ ಈಗಲೂ ಅಂದುಕೊಳ್ಳುತ್ತಾಳೆ. ಅಂದುಕೊಂಡು ಒಬ್ಬಳೇ ನಗುತ್ತಾಳೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ ಅದು. ಕಡಿದಾದ ಮರದ ಮೆಟ್ಟಿಲು, ನಾಲ್ಕು ಉದ್ದನೆಯ ಬೆಂಚು, ಹತ್ತಿಕೊಳ್ಳುವ ಮೊದಲು ಬಹಳ ಹೊತ್ತು ಯೋಚನೆ ಮಾಡುವ ಒಂದು ಟ್ಯೂಬ್‌ಲೈಟು. ಬಾಗಿಲ ಮೇಲೆ ‘ಮಧ್ಯಮ ಹಂತ’ ಎಂದು ಬರೆದ ಹಲಗೆ. ಎಬಿಸಿಡಿ ಗೊತ್ತು, ಬೋರ್ಡು ಓದಲು ಗೊತ್ತು, ಎದುರಿಗೆ ನಿಂತು ಯಾರಾದರೂ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ, ಅಂಥವರ ಹಂತ. ಈಗ ಅಲ್ಲಿ ಟೈರುಗಳ ಗೋದಾಮು. ಆದರೂ ಆ ರಸ್ತೆಯಲ್ಲಿ ಹೋದಾಗ ಗುಬ್ಬಿಯ ಕತ್ತು ತಾನಾಗಿ ಮೇಲಕ್ಕೆ ತಿರುಗುತ್ತದೆ.

ಅವನು ಬಾಗಿಲಲ್ಲಿ ನಿಂತಾಗ ಅವಳು ಮೊದಲು ನೋಡಿದ್ದು ಅವನ ಅಂಗಿಯ ಗುಂಡಿಗಳನ್ನು. ಚಿಕ್ಕಮ್ಮನ ಗುಂಡಿ-ಲೇಸಿನ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಅದೇ ಅಭ್ಯಾಸ. ಮುಖದ ಸರದಿ ಆಮೇಲೆ. ಕಂಪನಿಯ ಬೂದು ಬಣ್ಣದ ಯೂನಿಫಾರ್ಮು. ನಾಲ್ಕು ಗುಂಡಿ ಒಂದು ಜಾತಿ, ಐದನೆಯದು ಬೇರೆ ಜಾತಿ. ಆದರೆ ಹೊಲಿಗೆ ಎಷ್ಟು ಅಚ್ಚುಕಟ್ಟೆಂದರೆ, ಯಾರೋ ಬೆರಳಿನಲ್ಲಿ ತಡವಿ ತಡವಿ ಹಾಕಿದಂತಿತ್ತು. ಆಮೇಲೆ ಮುಖ ನೋಡಿದಳು. ಕೂಡಲೇ ಪುಸ್ತಕ ನೋಡಿದಳು.

“ನಿಮ್ಮ ಕೆಲಸ?” ಎಂದರು ಟೀಚರಮ್ಮ.

“ಲಿಫ್ಟ್ ರಿಪೇರಿ ಮೇಡಂ.”

“ದಿನಾ ಮೇಲೆ ಕೆಳಗೆ ಓಡಾಡೋರು ನಮ್ಮ ಮೆಟ್ಟಿಲಿಗೇ ಏದುಸಿರು ಬಿಡ್ತಿದ್ದೀರಲ್ಲಪ್ಪ!”

ಬೆಂಚುಗಳೆಲ್ಲ ನಕ್ಕವು. ಟೀಚರಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು. ಮುಖ ಕಾಣದ ಜನರ ಜೊತೆ ಆಯುಸ್ಸೆಲ್ಲ ಇಂಗ್ಲಿಷಿನಲ್ಲಿ ಮಾತಾಡಿದ್ದರಿಂದಲೋ ಏನೋ, ಮುಖ ಕಾಣುವವರನ್ನು ಸಿಕ್ಕಾಗಲೆಲ್ಲ ಕಿಚಾಯಿಸುತ್ತಿದ್ದರು.

“ಈ ಬಾಗಿಲು ದಾಟಿದ ಮೇಲೆ ನಮ್ಮ ಭಾಷೆ ಬಂದ್. ಅಷ್ಟೇ ನಿಯಮ. ಆ ಹುಡುಗಿ ಪಕ್ಕದಲ್ಲಿ ಜಾಗ ಇದೆ, ಕೂತ್ಕೊಳ್ಳಿ.”

ನಿಯಮ ಎರಡಿದ್ದವು. ಎರಡನೆಯದನ್ನು ಹೇಳಲು ಟೀಚರಮ್ಮ ಮರೆತರು.

ಹಿಂದಿನ ತಂಡದಲ್ಲಿ ‘ನಿಮ್ಮ ತಂದೆಯ ಬಗ್ಗೆ ಹೇಳಿ’ ಎಂದು ಪಾಠ ಮಾಡಿಸುವಾಗ ಒಬ್ಬಾತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟನಂತೆ. ಅವನ ತಂದೆ ಆಗತಾನೆ ತೀರಿಕೊಂಡಿದ್ದರು. ಅಂದಿನಿಂದ ಟೀಚರಮ್ಮ ಮೊದಲ ದಿನವೇ ಹೇಳಿಬಿಡುತ್ತಿದ್ದರು. “ಇದು ಕೋರ್ಟಲ್ಲ, ನಿಜ ಹೇಳ್ಬೇಕಾಗಿಲ್ಲ. ನಿಮ್ಮ ಮನೆ ವಿಷಯ ನನಗೆ ಬೇಡ. ಬಾಯಿಗೆ ಬಂದದ್ದು ಹೇಳಿ. ವಾಕ್ಯ ಪೂರ್ತಿ ಇರಲಿ, ಸಾಕು.”

ಆ ಮಾತು ಕೇಳಿದ ದಿನ ಗುಬ್ಬಿಯ ಎದೆಯಿಂದ ಒಂದು ಭಾರ ಇಳಿದಿತ್ತು. ನಿಜ ಹೇಳಬೇಕೆಂದರೆ ಅವಳ ಬಳಿ ಏನಿತ್ತು? ಅಮ್ಮ ಹೋದಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸಾಕಲೆಂದು ಶಾಲೆ ಬಿಟ್ಟಳು. ಅವನು ದೊಡ್ಡವನಾಗಿ ದೂರದಲ್ಲಿ ಕೆಲಸಕ್ಕೆ ಸೇರಿದ. ಇವಳು ಅಂಗಡಿಗೆ ಸೇರಿದಳು. ಗಿರಾಕಿಯ ಮುಖ ನೋಡಿ ಮಾತಾಡಲೂ ನಾಚಿಕೆ. “ನನ್ನ ಗುಬ್ಬಿ ಬಾಯಿ ಬಿಟ್ರೆ ಮಳೆ ಬರುತ್ತೆ,” ಎನ್ನುತ್ತಿದ್ದರು ಚಿಕ್ಕಮ್ಮ. ಪರಭಾಷೆಯ ಗಿರಾಕಿಗಳ ಹತ್ತಿರವಾದರೂ ನಾಲ್ಕು ಮಾತಾಡಲಿ ಎಂದು ಕ್ಲಾಸಿಗೆ ತಳ್ಳಿದವರೂ ಅವರೇ.

ವಿಚಿತ್ರವೆಂದರೆ ಇಂಗ್ಲಿಷಿನಲ್ಲಿ ಅವಳಿಗೆ ನಾಚಿಕೆಯೇ ಇರಲಿಲ್ಲ. ಅಲ್ಲಿ ಅವಳು ಅವಳಾಗಿರಬೇಕಾಗಿರಲಿಲ್ಲ.

“ಆರ್ ಯೂ ಮ್ಯಾರೀಡ್?” ಎಂದು ಕೇಳಿದ ಅವನು, ಟೀಚರಮ್ಮ ಕೊಟ್ಟ ಪ್ರಶ್ನೆಯ ಚೀಟಿಯನ್ನು ಓದುತ್ತ.

“ಯೆಸ್, ಐ ಆ್ಯಮ್ ಮ್ಯಾರೀಡ್,” ಎಂದಳು ಗುಬ್ಬಿ, ಕಣ್ಣು ಕೂಡ ಮಿಟುಕಿಸದೆ.

ಅವರು ಇಂಗ್ಲಿಷಿನಲ್ಲಿ ಆಡಿದ ಮಾತುಗಳೆಲ್ಲ ಅವಳ ನೆನಪಿನಲ್ಲಿ ಇಂದಿಗೂ ಪಠ್ಯಪುಸ್ತಕದ ಧಾಟಿಯಲ್ಲೇ ಇವೆ.

“ನಿಮ್ಮ ಗಂಡ ಏನು ಕೆಲಸ ಮಾಡುತ್ತಾರೆ?”

ಹಿಂದಿನ ಪಾಠ ಸಮುದ್ರಕ್ಕೆ ಸಂಬಂಧಪಟ್ಟ ಪದಗಳದು. ನಾಲಿಗೆಯ ತುದಿಯಲ್ಲಿ ಅವೇ ಇದ್ದವು. “ನನ್ನ ಗಂಡ ಹಡಗಿನ ಕ್ಯಾಪ್ಟನ್. ಅವರು ವರ್ಷಕ್ಕೆ ಒಮ್ಮೆ ಮನೆಗೆ ಬರುತ್ತಾರೆ.”

“ನಿಮಗೆ ಮಕ್ಕಳಿದ್ದಾರೆಯೆ?”

“ಇದ್ದಾರೆ. ಇಬ್ಬರು ಗಂಡುಮಕ್ಕಳು. ಅವಳಿಗಳು. ನಮಗೆ ಒಂದು ನೀಲಿ ಕಾರೂ ಒಂದು ಮುದಿ ನಾಯಿಯೂ ಇವೆ.”

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ಹೊತ್ತಿಕೊಂಡಿದ್ದ ಏನೋ ಸಣ್ಣಗೆ ಆರಿದಂತಾಯಿತು. ಅಥವಾ ಟ್ಯೂಬ್‌ಲೈಟೇ ಮಿಣುಕಿತೋ.

ಈಗ ಕೇಳುವ ಸರದಿ ಅವಳದು. “ನಿಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆ?”

“ನನ್ನ ತಾಯಿ ಇದ್ದಾರೆ.” ಅವನು ಒಂದೊಂದೇ ಪದವನ್ನು ಹುಡುಕಿ ಹುಡುಕಿ ಜೋಡಿಸಿದ. “ಅವರಿಗೆ ಕಣ್ಣು ಕಾಣುವುದಿಲ್ಲ. ಪ್ರತಿದಿನ ಬೆಳಿಗ್ಗೆ ನಾನು ಅವರಿಗೆ ಪತ್ರಿಕೆ ಓದಿ ಹೇಳುತ್ತೇನೆ.”

ಗುಬ್ಬಿ ಕಿಲಕಿಲನೆ ನಕ್ಕುಬಿಟ್ಟಳು. ಹೊಸಬನಾದರೂ ಎಂಥ ಕಲ್ಪನೆ! “ವೆರಿ ಗುಡ್!” ಎಂದು ಚಪ್ಪಾಳೆ ಕೂಡ ತಟ್ಟಿದಳು.

ಅವನ ಮುಖ ಪೆಚ್ಚಾಯಿತು. ಸ್ವಲ್ಪ ಹೊತ್ತಾದ ಮೇಲೆ ಅವನೂ ಮೆಲ್ಲಗೆ ನಕ್ಕ.

ಅಲ್ಲಿಂದ ಶುರುವಾಯಿತು. ವಾರಕ್ಕೆ ಎರಡು ಸಂಜೆ, ಅದೇ ಬೆಂಚು, ಅದೇ ಜೋಡಿ.

ಭೂತಕಾಲದ ಪಾಠ ಬಂದಾಗ ಗುಬ್ಬಿ ತನ್ನ ಅವಳಿಗಳಿಗೆ ದಡಾರ ಬರಿಸಿದಳು. “ಮೈಯೆಲ್ಲ ಕೆಂಪಗಾಗಿತ್ತು. ಅವನು ಕೆರೆದುಕೊಳ್ಳದಿರಲಿ ಎಂದು ನಾನು ಬೆಳಗಾಗುವವರೆಗೂ ಬೆನ್ನಿಗೆ ಬಾಯಿಂದ ಗಾಳಿ ಊದಿದೆ,” ಎಂದಳು. ‘ಊದುವುದು’ ಎಂಬುದಕ್ಕೆ ಇಂಗ್ಲಿಷ್ ಪದ ಸಿಗದೆ, ತನ್ನ ಅಂಗೈಗೇ ಊದಿ ತೋರಿಸಿದಳು. ಆ ತುಟಿ, ಆ ಅಂಗೈ ನೋಡುತ್ತ ಅವನು ಮುಂದಿನ ಪ್ರಶ್ನೆ ಕೇಳುವುದನ್ನೇ ಮರೆತ.

“ಏನಪ್ಪಾ ಲಿಫ್ಟು, ಮಧ್ಯದಲ್ಲೇ ನಿಂತುಬಿಟ್ಯಾ?” ಎಂದರು ಹಿಂದಿನ ಬೆಂಚಿನ ಡ್ರೈವರಣ್ಣ.

ಡ್ರೈವರಣ್ಣ ಸಿಟಿ ಬಸ್ಸು ಓಡಿಸುವವರು. ಅವರು ನಿನ್ನೆ ಮೊನ್ನೆಯದನ್ನೂ ವರ್ತಮಾನದಲ್ಲೇ ಹೇಳುತ್ತಿದ್ದರು. “ಹಿಂದಕ್ಕೆ ಹೋಗಿ ಅಣ್ಣಾ, ನಿಮ್ಮ ಬಸ್ಸಿಗೆ ರಿವರ್ಸ್ ಗೇರೇ ಇಲ್ವಾ?” ಎಂದು ಟೀಚರಮ್ಮ ಗದರಿದರೆ, “ಸಿಟಿ ಬಸ್ಸು ಅಮ್ಮಾ, ಹಿಂದೆ ಬಂದ್ರೆ ಜನ ಹೊಡೀತಾರೆ,” ಎಂದು ನಮ್ಮ ಭಾಷೆಯಲ್ಲೇ ಜವಾಬು ಕೊಟ್ಟು ಬೈಸಿಕೊಳ್ಳುತ್ತಿದ್ದರು.

ಲಿಫ್ಟಿನವನು ಮಾತ್ರ ನಿಯಮ ಮೀರುತ್ತಿರಲಿಲ್ಲ. ಫ್ಯಾನಿನ ಗಾಳಿ ಬೀಳುವ ಕಡೆಗೆ ಅವಳನ್ನು ಕೂರಿಸುವುದಕ್ಕೂ “ಪ್ಲೀಸ್” ಅಷ್ಟೇ. ಅವಳು ಬರೆಯುವಾಗ ಅವನ ನೋಟ ಅವಳ ಬೆರಳ ಮೇಲೆ. ಅವಳು ತಲೆಯೆತ್ತಿದರೆ ಕರಿಹಲಗೆಯ ಮೇಲೆ. ಅವನು ಬರೆಯುವಾಗ ಅವಳದೂ ಅದೇ ಕಥೆ. ಇಬ್ಬರ ನೋಟವೂ ಒಂದೇ ಹೊತ್ತಿಗೆ ದಾರಿ ತಪ್ಪಿ ಎದುರಾದದ್ದು ಅಪರೂಪ. ಅಂಥ ದಿನ ಗುಬ್ಬಿಗೆ ಗೊತ್ತಿದ್ದ ಪದಗಳೂ ಮರೆತುಹೋಗುತ್ತಿದ್ದವು.

ಕ್ಲಾಸು ಮುಗಿದ ಕೂಡಲೇ ಅವಳು ಮೆಟ್ಟಿಲಿಳಿದು ಓಡುತ್ತಿದ್ದಳು. ಬಾಗಿಲು ದಾಟಿದರೆ ಇಂಗ್ಲಿಷು ಅಲ್ಲೇ ಉಳಿಯುತ್ತಿತ್ತು, ಧೈರ್ಯವೂ ಅಲ್ಲೇ ಉಳಿಯುತ್ತಿತ್ತು. ನಮ್ಮ ಭಾಷೆಯಲ್ಲಿ ಅವನು “ಹೇಗಿದ್ದೀರಿ” ಎಂದರೆ ಏನು ಮಾಡುವುದು? ಕಿಟಕಿಯಿಂದ ನೋಡುತ್ತ ನಿಂತವನು ಬೇರೆಯೇ ಅಂದುಕೊಳ್ಳುತ್ತಿದ್ದ: ಪಾಪ, ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತವೆ.

ಒಂದು ಸಂಜೆ ಅವನು ಜೇಬಿನಿಂದ ಎರಡು ಪುಟ್ಟ ಬುಗುರಿ ತೆಗೆದು ಬೆಂಚಿನ ಮೇಲಿಟ್ಟ. ಸವೆದ ಹಿತ್ತಾಳೆಯ ಬಿಡಿಭಾಗಗಳಿಂದ ಮಾಡಿದವು, ಕನ್ನಡಿಯಂತೆ ಹೊಳೆಯುತ್ತಿದ್ದವು.

“ಇವು ನಿಮ್ಮ ಮಕ್ಕಳಿಗೆ.”

ವಸ್ತು ತಂದು ಅದರ ಮೇಲೆ ಮಾತಾಡಿ ಎಂದು ಟೀಚರಮ್ಮ ಆಗಾಗ ಹೇಳುತ್ತಿದ್ದರು. ಇದೂ ಅದೇ ಅಭ್ಯಾಸ ಎಂದುಕೊಂಡಳು ಗುಬ್ಬಿ. “ತುಂಬಾ ಧನ್ಯವಾದಗಳು. ನನ್ನ ಮಕ್ಕಳಿಗೆ ಬಹಳ ಸಂತೋಷವಾಗುತ್ತದೆ,” ಎಂದು ಪೂರ್ತಿ ವಾಕ್ಯ ಹೇಳಿದಳು. ಒಂದನ್ನು ಬೆಂಚಿನ ಮೇಲೆ ತಿರುಗಿಸಿದಳು. ಅದು ಸದ್ದಿಲ್ಲದೆ, ಅಲುಗದೆ, ಎಷ್ಟೋ ಹೊತ್ತು ನಿಂತಲ್ಲೇ ತಿರುಗಿತು. ಇಬ್ಬರೂ ಅದನ್ನೇ ನೋಡುತ್ತ ಕುಳಿತರು. ಬುಗುರಿ ಬೀಳದಿದ್ದರೆ ಸಾಕು ಎಂದು ಅವಳಿಗೆ ಯಾಕೆ ಅನ್ನಿಸಿತೋ.

ಅದರ ಮುಂದಿನ ವಾರದ ಪಾಠ, ‘ಹೀಗಾಗಿದ್ದರೆ ಹಾಗಾಗುತ್ತಿತ್ತು’. ಎಲ್ಲರೂ ಎದ್ದು ನಿಂತು ಒಂದೊಂದು ವಾಕ್ಯ ಹೇಳಬೇಕು. ‘ನಿಮಗೆ ಇನ್ನೊಂದು ಜೀವನ ಸಿಕ್ಕಿದ್ದರೆ?’

“ನನಗೆ ಇನ್ನೊಂದು ಜೀವನ ಸಿಕ್ಕಿದ್ದರೆ ನಾನು ಪ್ರಯಾಣಿಕನಾಗುತ್ತಿದ್ದೆ,” ಎಂದರು ಡ್ರೈವರಣ್ಣ. ಮೊದಲ ಬಾರಿಗೆ ತಪ್ಪಿಲ್ಲದೆ! ಕ್ಲಾಸೇ ಕೇಕೆ ಹಾಕಿತು.

ಆಮೇಲೆ ಲಿಫ್ಟಿನವನು ಎದ್ದ. ಅವಳ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತ ನಿಧಾನವಾಗಿ ಹೇಳಿದ.

“ನನಗೆ ಇನ್ನೊಂದು ಜೀವನ ಸಿಕ್ಕಿದ್ದರೆ, ನಾನು ಹಡಗಿನ ಕ್ಯಾಪ್ಟನ್ ಆಗುತ್ತಿದ್ದೆ.”

“ವೆರಿ ಗುಡ್, ವಾಕ್ಯ ಸರಿಯಾಗಿದೆ. ಕೂತ್ಕೊಳ್ಳಿ,” ಎಂದರು ಟೀಚರಮ್ಮ.

ಗುಬ್ಬಿ ತಟ್ಟನೆ ಅವನ ಕಡೆ ತಿರುಗಿದಳು. ಕೂಡಲೇ ತನ್ನನ್ನೇ ಗದರಿಕೊಂಡಳು. ಛೆ, ಪಾಠದ ವಾಕ್ಯ ಅದು, ನಿಜ ಯಾರಿಗೆ ಬೇಕು ಇಲ್ಲಿ? ಆದರೂ ಬಸ್ಸಿನಲ್ಲಿ ಕುಳಿತು ಆ ವಾಕ್ಯವನ್ನು ಇಂಗ್ಲಿಷಿನಲ್ಲೂ ನಮ್ಮ ಭಾಷೆಯಲ್ಲೂ ಹಿಂದೆ ಮುಂದೆ ತಿರುಗಿಸಿ ನೋಡಿದಳು. ತಾನು ಇಳಿಯುವ ಸ್ಟಾಪು ದಾಟಿಹೋಗಿತ್ತು.

ಮುಂದಿನ ಕ್ಲಾಸಿಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಗುಬ್ಬಿಗೆ ಜೋಡಿಯಾಗಿ ಡ್ರೈವರಣ್ಣ ಬಂದು ಕುಳಿತರು. “ಲಿಫ್ಟು ಎಲ್ಲೋ ಸಿಕ್ಕಿಹಾಕ್ಕೊಂಡಿರ್ಬೇಕಮ್ಮ,” ಎಂದರು ಪಿಸುಮಾತಿನಲ್ಲಿ. ಅವಳು ನಗಲಿಲ್ಲ. ಅವಳಿಗಳ ಬಗ್ಗೆ ಕೇಳಿದರೆ ಏನು ಹೇಳಲೂ ತೋಚಲಿಲ್ಲ. ಕೇಳುವವನು ಇಲ್ಲದ ಮೇಲೆ ಮಕ್ಕಳೂ ಇರಲಿಲ್ಲ, ಕ್ಯಾಪ್ಟನ್ನನೂ ಇರಲಿಲ್ಲ.

ಅಂಗಡಿಯಲ್ಲಿ ಮಧ್ಯಾಹ್ನ. ಗುಬ್ಬಿ ಏಣಿಯ ಮೇಲೆ ನಿಂತು ಕೋಟಿನ ಗುಂಡಿಗಳ ಡಬ್ಬಿ ಒರೆಸುತ್ತಿದ್ದಳು. ಕೆಳಗೆ ಕೋಲಿನ ಟಕ್ ಟಕ್ ಸದ್ದಾಯಿತು. ತೊಳೆದಿಟ್ಟಂಥ ಬಿಳಿ ತಲೆಯ ಒಬ್ಬ ಹೆಂಗಸು ಕೌಂಟರನ್ನು ಕೈಯಿಂದ ತಡವಿ ನಿಂತರು.

“ಅಂಗಡಿಯವರು ಯಾರಿದ್ದೀರಮ್ಮ? ಇಲ್ಲಿ ಅವಳಿ ಮಕ್ಕಳ ತಾಯಿ ಒಬ್ಬಳು ಕೆಲಸ ಮಾಡ್ತಾಳಂತಲ್ಲ. ಗಂಡ ಹಡಗಿನಲ್ಲಿದ್ದಾನಂತೆ. ಅವಳ ಹತ್ರ ಎರಡು ಮಾತು ಆಡ್ಬೇಕಿತ್ತು.”

ಏಣಿಯ ಮೇಲೆ ಗುಬ್ಬಿ ಕಲ್ಲಾದಳು.

“ಅವಳಿ ಮಕ್ಕಳಾ?” ಎಂದರು ಚಿಕ್ಕಮ್ಮ. “ಇಲ್ಲಿರೋದು ನಾನು, ನಮ್ಮ ಅಕ್ಕನ ಮಗಳು, ಇಬ್ಬರೇ. ಅವಳಿಗೆ ಮದುವೇನೇ ಆಗಿಲ್ಲವಲ್ಲಮ್ಮ.”

“ಇಂಗ್ಲಿಷ್ ಕ್ಲಾಸಿಗೆ ಹೋಗ್ತಾಳಲ್ಲ, ಅವಳು. ಈ ಅಂಗಡಿ ಅಂತ ಕ್ಲಾಸಿನ ಟೀಚರಮ್ಮನೇ ಹೇಳಿದ್ರು.”

“ಹೋಗೋದೇನೋ ಅವಳೇ.” ಚಿಕ್ಕಮ್ಮ ಕತ್ತೆತ್ತಿ ಏಣಿಯ ಮೇಲೆ ನೋಡಿದರು. “ಏನೇ ಇದು ಗುಬ್ಬೀ? ನನಗೆ ಗೊತ್ತಿಲ್ಲದ ಹಾಗೆ ಯಾವಾಗ ಹೆತ್ತೆ?”

ಗುಬ್ಬಿ ಕೆಳಗಿಳಿದಳು. ಅವಳ ಹೆಜ್ಜೆಯ ಸದ್ದು ಬಂದ ಕಡೆಗೆ ಆ ತಾಯಿ ಮುಖ ತಿರುಗಿಸಿದರು. ಕಣ್ಣು ಅವಳ ಭುಜದಾಚೆ ಎಲ್ಲೋ ನೋಡುತ್ತಿದ್ದವು.

ಅವರಿಗೆ ಕಣ್ಣು ಕಾಣುವುದಿಲ್ಲ. ಪ್ರತಿದಿನ ಬೆಳಿಗ್ಗೆ ನಾನು ಅವರಿಗೆ ಪತ್ರಿಕೆ ಓದಿ ಹೇಳುತ್ತೇನೆ.

“ನೀವು... ನೀವು ನಿಜವಾಗ್ಲೂ...” ಎಂದಳು ಗುಬ್ಬಿ.

“ನಾನು ನಿಜವಾಗ್ಲೂ ಕುರುಡಿ. ನನ್ನ ಮಗ ಹಾಗಂದಾಗ ನೀನು ನಕ್ಕೆಯಂತೆ. ಕೆಟ್ಟ ನಗು ಅಲ್ಲಮ್ಮ ಅಂತ ಅವನೇ ನಿನ್ನ ಪರ ವಹಿಸಿದ. ಇರಲಿ ಅಂದ್ಕೊಂಡೆ. ಇಬ್ಬರು ಮಕ್ಕಳನ್ನ ಒಬ್ಬಳೇ ಸಾಕೋಳು, ನಗು ಬಂದಾಗ ನಗಲಿ ಅಂತ.” ಅವರು ಕೋಲನ್ನು ಎರಡೂ ಕೈಯಲ್ಲಿ ಹಿಡಿದರು. “ಆ ಬುಗುರಿ ಮಾಡ್ತಾ ವಾರಗಟ್ಟಲೆ ಕೂತಿದ್ದ. ಎರಡೂ ಒಂದೇ ತೂಕ ಇರ್ಬೇಕು, ಇಲ್ಲಾಂದ್ರೆ ಅವಳಿಗಳು ಜಗಳ ಆಡ್ತಾವೆ ಅಂತ ನನ್ನ ಕೈಗೆ ಕೊಟ್ಟು ಕೊಟ್ಟು ತೂಗಿಸಿದ. ಈಗ ನೋಡಿದ್ರೆ ಮಕ್ಕಳೇ ಇಲ್ಲ. ಯಾಕಮ್ಮ ಹೀಗೆ ಆಟ ಆಡಿಸ್ದೆ ಅವನನ್ನ?”

ಗುಬ್ಬಿಗೆ ಅಳು ಒತ್ತರಿಸಿಕೊಂಡು ಬಂತು. ಹೇಳಿದಳು, ಮುರಿದು ಮುರಿದು. ನಿಯಮದ ಬಗ್ಗೆ, ಮೊದಲ ದಿನ ಅವನಿರಲಿಲ್ಲವೆಂದು, ಅವನು ಹೇಳಿದ್ದೆಲ್ಲ ಕಟ್ಟುಕಥೆಯೆಂದು ತಾನು ತಿಳಿದೆನೆಂದು. ಅವಳು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಕಂಡು ಚಿಕ್ಕಮ್ಮನೇ ಬೆರಗಾಗಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಆ ತಾಯಿ ಪೂರ್ತಿ ಕೇಳಿದರು. ಅವರ ಮುಖದ ಬಿಗಿ ಸಡಿಲಿತು. ಪೂರ್ತಿ ಸಡಿಲಲಿಲ್ಲ.

“ಗಂಡ ಇರೋ ಹೆಣ್ಣನ್ನ ನೆನೆಸೋದು ತಪ್ಪು ಅಂತ ಅವನು ಕ್ಲಾಸು ಬಿಟ್ಟ. ಬೇರೆ ಊರಿಗೆ ಹಾಕಿ ಅಂತ ಕಂಪನೀಲಿ ತಾನಾಗೇ ಕೇಳ್ಕೊಂಡಿದ್ದಾನೆ. ನಾಳೆ ಆರ್ಡರ್ ಕೈಗೆ ಬರುತ್ತೆ. ಅವನ ದಾರಿಗೆ ಬರ್ಬೇಡ ತಾಯೀ ಅಂತ ನಿನಗೆ ಹೇಳಿ ಹೋಗೋಣ ಅಂತ ಬಂದಿದ್ದೆ ನಾನು.”

“ನೀವೇ ಅವರಿಗೆ ಹೇಳ್ತೀರಾ, ಅಮ್ಮ?” ಎಂದಳು ಗುಬ್ಬಿ.

“ನಾನ್ಯಾಕೆ ಹೇಳ್ಲಿ? ಮಕ್ಕಳನ್ನ ಹುಟ್ಟಿಸಿದ್ದು ನೀನು.” ಅವರ ತುಟಿಯ ಅಂಚಿನಲ್ಲಿ ನಗು ಇಣುಕಿತೇನೋ. “ಗಡಿಯಾರದ ವೃತ್ತದ ಹತ್ರ ಹಳೇ ಆರು ಮಹಡಿ ಕಟ್ಟಡ ಇದೆಯಲ್ಲ, ಇವತ್ತು ಅಲ್ಲಿದ್ದಾನೆ. ಹೋಗೋದು ಬಿಡೋದು ನಿನಗೆ ಬಿಟ್ಟದ್ದು.”

ಅವರು ಹೋದ ಮೇಲೆ ಚಿಕ್ಕಮ್ಮ ಸ್ಟೂಲಿನಿಂದ ಎದ್ದು ಗುಬ್ಬಿಯ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡರು. ಆಮೇಲೆ, “ಇನ್ನೂ ಇಲ್ಲೇ ನಿಂತಿದ್ದೀಯಲ್ಲೇ!” ಎಂದು ಗದರಿದರು.

ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಸುಳ್ಳಿನ ಭಯವಲ್ಲ. ಸುಳ್ಳನ್ನು ವಿವರಿಸಬಹುದು. ಅವನಿಗೆ ಇಷ್ಟವಾದದ್ದು ಆ ಕ್ಯಾಪ್ಟನ್ ಹೆಂಡತಿ: ಪಟಪಟನೆ ಮಾತಾಡುವವಳು, ಕಿಲಕಿಲನೆ ನಗುವವಳು. ಅವಳನ್ನು ತೆಗೆದುಬಿಟ್ಟರೆ ಉಳಿಯುವುದು ಗಿರಾಕಿಯ ಮುಖ ನೋಡಲಾರದ ಗುಬ್ಬಿ. ಇವಳನ್ನು ಯಾರು ಕೇಳುತ್ತಾರೆ? ಎರಡು ಸಲ ವಾಪಸು ತಿರುಗಿದಳು. ಎರಡು ಸಲವೂ, ನಾಳೆ ಅವನ ಆರ್ಡರ್ ಬರುತ್ತದೆ ಎಂಬುದು ನೆನಪಾಗಿ ಮತ್ತೆ ಮುಂದೆ ನಡೆದಳು.

ಕಟ್ಟಡದ ಕೆಳಗೆ ಲಿಫ್ಟಿನ ಬಾಗಿಲು ತೆರೆದಿತ್ತು. ಅಡ್ಡಲಾಗಿ ‘ದುರಸ್ತಿ ನಡೆದಿದೆ’ ಎಂಬ ಬೋರ್ಡು. ಒಳಗೆ ಕತ್ತಲ ಬಾವಿ, ತೂಗುವ ದಪ್ಪ ತಂತಿಗಳು. ಮೇಲೆಲ್ಲೋ ಒಂದು ಟಾರ್ಚಿನ ಬೆಳಕು, ಸ್ಪ್ಯಾನರಿನ ಸದ್ದು. ಅವನು ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಅವಳಿಗೆ ಧೈರ್ಯ ಕೊಟ್ಟಿತು.

“ರೀ,” ಎಂದಳು. ಬಾವಿ ಅದನ್ನು ಎತ್ತಿಕೊಂಡು ಮೇಲಕ್ಕೆ ಒಯ್ದಿತು.

ಸ್ಪ್ಯಾನರಿನ ಸದ್ದು ನಿಂತಿತು. “ಯಾರು?”

ಅವನ ದನಿಯನ್ನು ನಮ್ಮ ಭಾಷೆಯಲ್ಲಿ ಅವಳು ಸರಿಯಾಗಿ ಕೇಳಿದ್ದು ಆಗಲೇ. ಇಂಗ್ಲಿಷಿಗಿಂತ ಮೆತ್ತಗಿತ್ತು.

“ನಾನು. ಕ್ಲಾಸಿನಲ್ಲಿ... ನಿಮ್ಮ ಪಕ್ಕ ಕೂರೋಳು.”

ಟಾರ್ಚಿನ ಬೆಳಕು ಒಮ್ಮೆ ಅಲುಗಿತು. ಆಮೇಲೆ, “ಏನಾಯ್ತು? ಮಕ್ಕಳು ಹುಷಾರಾಗಿದ್ದಾರಾ?” ಎಂದ ಗಾಬರಿಯಿಂದ.

ಗುಬ್ಬಿ ಕಣ್ಣು ಮುಚ್ಚಿಕೊಂಡಳು. “ಮಕ್ಕಳಿಲ್ಲ. ನನಗೆ ಮಕ್ಕಳೇ ಇಲ್ಲ ರೀ. ಕ್ಲಾಸಲ್ಲಿ ನಿಜ ಹೇಳ್ಬೇಕಾಗಿಲ್ಲ ಅಂತ ಟೀಚರಮ್ಮ ಮೊದಲ ದಿನ ಹೇಳಿದ್ರು. ನೀವಿರಲಿಲ್ಲ. ನಾನು ಎಲ್ಲಾ ಸುಳ್ಳು ಹೇಳ್ದೆ. ನೀವೂ ಹಾಗೇ ಅಂತ ತಿಳ್ಕೊಂಡೆ. ನಿಮ್ಮ ಅಮ್ಮನ ವಿಷಯಕ್ಕೆ ನಕ್ಕೆ. ಅದು ನೆನಪಾದ್ರೆ ನನಗೆ...” ದನಿ ಒಡೆಯಿತು.

ತಂತಿಗಳು ಮಾತ್ರ ಸಣ್ಣಗೆ ತೂಗುತ್ತಿದ್ದವು.

“ಗಂಡ?” ಎಂದಿತು ಮೇಲಿನ ಕತ್ತಲು.

“ಇಲ್ಲ.”

“ಹಡಗು?”

“ನಾನು ಸಮುದ್ರಾನೇ ನೋಡಿಲ್ಲ.”

“ನೀಲಿ ಕಾರು?”

“ಬಸ್ ಪಾಸ್ ಇದೆ.”

“ನಾಯಿ?”

“ಅದೂ ಇಲ್ಲ.”

“ಛೆ,” ಎಂದ ಅವನು. “ಅದೊಂದಾದ್ರೂ ಇರ್ಬೇಕಿತ್ತು.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಆದರೆ ಹೇಳಬೇಕಾದದ್ದು ಇನ್ನೂ ಉಳಿದಿತ್ತು. ಅದನ್ನು ಹೇಳದೆ ಹೋದರೆ ಬಂದೂ ಉಪಯೋಗವಿರಲಿಲ್ಲ.

“ನೀವು ನೋಡಿದ್ದು ಆ ಕ್ಯಾಪ್ಟನ್ ಹೆಂಡತೀನ. ಅವಳಿಗೆ ಮಾತು ಬರುತ್ತೆ, ನನಗೆ ಬರಲ್ಲ. ನಾನು ಗುಂಡಿ ಅಂಗಡೀಲಿ ಮೂಲೇಲಿ ನಿಂತಿರ್ತೀನಿ. ನಿಮಗೆ ಅವಳೇ ಬೇಕಿದ್ರೆ ಊರು ಬಿಟ್ಟು ಹೋಗಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ನನಗೆ... ನನಗೆ ನೀವಂದ್ರೆ ಇಷ್ಟ. ಇದು ಪಾಠದ ವಾಕ್ಯ ಅಲ್ಲ.”

“ದಡಾರ ಬಂದಾಗ ಬೆನ್ನಿಗೆ ಊದಿದ್ದು? ಅದೂ ಸುಳ್ಳಾ?”

“ಅದು ನನ್ನ ತಮ್ಮ.”

“ನನಗೆ ಅವತ್ತೇ...” ಅವನ ದನಿ ತಡವರಿಸಿತು. “ನೀವು ಅಂಗೈಗೆ ಊದಿ ತೋರಿಸಿದ್ರಲ್ಲ, ಅವತ್ತೇ ನನ್ನ ಕಥೆ ಮುಗೀತು. ಅದು ಪುಸ್ತಕದಲ್ಲಿರೋದಲ್ಲ ಅಂತ ಗೊತ್ತಾಗಿತ್ತು. ಕ್ಯಾಪ್ಟನ್ನು ಗಿಪ್ಟನ್ನು ಯಾರಿಗೆ ಬೇಕು ರೀ? ಆ ಮನುಷ್ಯನ್ನ ಕಂಡ್ರೆ ಮೈ ಉರೀತಿತ್ತು ನನಗೆ.”

“ಹಾಗಾದ್ರೆ ಹೋಗಲ್ವಾ?”

“ನಾನೇ ಕೇಳ್ಕೊಂಡದ್ದು. ನಾಳೆ ಹೋಗಿ ನಾನೇ ಬೇಡ ಅಂತೀನಿ. ಬೈತಾರೆ. ಬೈಲಿ.”

“ಅಬ್ಬಾ, ಅಂತೂ ಹೇಳಿದ್ನಲ್ಲ!” ಎಂದಿತು ಒಂದು ಹೆಣ್ಣುದನಿ, ಎರಡನೇ ಮಹಡಿಯ ಬಾಗಿಲಿನಿಂದ.

“ಶ್, ಸುಮ್ಮನಿರೇ, ಆ ಹುಡುಗಿ ಇನ್ನೇನೋ ಹೇಳೋಳಿದ್ಲು,” ಎಂದಿತು ಇನ್ನೊಂದು, ಅದಕ್ಕೂ ಮೇಲಿನಿಂದ.

“ಹೇಳೋದೆಲ್ಲ ಹೇಳ್ಕೊಳ್ಳಿ, ನಾನು ಬೇಡ ಅನ್ನಲ್ಲ,” ಎಂದರು ಯಾರೋ ತಾತ, ಚೀಲದ ಸರಬರ ಸದ್ದಿನ ಜೊತೆ. “ನನ್ನ ಮನೆ ಐದನೇ ಮಹಡೀಲಿದೆ. ಲಿಫ್ಟ್ ಯಾವಾಗ ಬಿಡ್ತೀಯಪ್ಪಾ, ಅದೊಂದು ಹೇಳು!”

ಊರಲ್ಲೆಲ್ಲ ಮಾತಿಗೆ ಹೆದರುವ ಹುಡುಗಿ ತನ್ನ ಮನಸ್ಸಿನ ಗುಟ್ಟನ್ನು ಆರು ಮಹಡಿಗೂ ಕೇಳುವಂತೆ ಹೇಳಿಬಿಟ್ಟಿದ್ದಳು. ಅವಳಿಗೆ ಅಲ್ಲೇ ಗೋಡೆಯೊಳಗೆ ಸೇರಿಹೋಗುವ ಆಸೆಯಾಯಿತು. ಓಡಿಹೋಗಬಹುದಿತ್ತು; ಕಟ್ಟಡದ ಬಾಗಿಲು ಹಿಂದೆಯೇ ಇತ್ತು. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅಲ್ಲೇ ನಿಂತಳು. ಅವನು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದು ಬಂದಾಗಲೂ ಕೈ ತೆಗೆಯಲಿಲ್ಲ. ಏದುಸಿರು ಕೇಳಿಸಿತು. ಗ್ರೀಸಿನ ವಾಸನೆ ಹತ್ತಿರ ಬಂತು. ಬೆರಳ ಸಂದಿಯಿಂದ ನೋಡಿದಳು. ಅವನೂ ನೆಲ ನೋಡುತ್ತ ನಿಂತಿದ್ದ, ಕಿವಿಯೆಲ್ಲ ಕೆಂಪಗೆ.

ಆ ಸಂಜೆ ಕೆಲಸ ಮುಗಿಯುವವರೆಗೂ ಅವಳು ಮೆಟ್ಟಿಲ ಮೇಲೆ ಕುಳಿತು ಕಾದಳು. ಎರಡನೇ ಮಹಡಿಯಾಕೆ ಟೀ ತಂದುಕೊಟ್ಟು, ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ನಕ್ಕು ಹೋದರು. ಲಿಫ್ಟು ಮೊದಲ ಸಲ ಮೇಲೇರಿದಾಗ ತಾತ ಒಳಗಿನಿಂದ ಗಂಭೀರವಾಗಿ ಕೈ ಬೀಸಿದರು.

ಆಮೇಲೆ ಇಬ್ಬರೂ ನಡೆದರು. ಅವನ ಮನೆಯ ಕಡೆಗೆ, ಕೇಳದೆ, ಹೇಳದೆ. ಅಂಗಡಿಗಳ ದೀಪ ಒಂದೊಂದಾಗಿ ಹೊತ್ತುತ್ತಿದ್ದವು. ಗುಬ್ಬಿಗೆ ಮಾತು ಮುಗಿದುಹೋಗಿತ್ತು. ಈಗ ಬೇಸರಪಡುತ್ತಾನೆ, ಈಗ ಆ ಇನ್ನೊಬ್ಬಳನ್ನು ನೆನೆಸಿಕೊಳ್ಳುತ್ತಾನೆ ಎಂದು ಅವಳು ಪ್ರತಿ ತಿರುವಿನಲ್ಲೂ ಕಾದಳು. ಅವನೂ ತುಟಿ ಬಿಚ್ಚಲಿಲ್ಲ. ಬಹಳ ದೂರ ಬಂದ ಮೇಲೆ, ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ.

“ನನಗೂ ಅಷ್ಟೇ ರೀ. ಇಂಗ್ಲಿಷಲ್ಲಿ ಹೇಗೋ ಆಗ್ತಿತ್ತು. ಮನೇಲಿ ಮಾತೆಲ್ಲ ಅಮ್ಮಂದೇ.”

ಗುಬ್ಬಿಯ ಭುಜ ಸಡಿಲಾಯಿತು. ಆಮೇಲೆ ಮನೆ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ. ಅಷ್ಟು ಹಗುರಾದ ಮೌನವನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಸಣ್ಣ ಓಣಿ, ಮೂರು ಕಲ್ಲಿನ ಮೆಟ್ಟಿಲು, ಹಸಿರು ಬಾಗಿಲು. ಅವನು ಚಿಲಕಕ್ಕೆ ಕೈ ಹಾಕುವ ಮೊದಲೇ ಒಳಗಿನಿಂದ ಅವನ ತಾಯಿಯ ದನಿ ಬಂತು.

“ನಾಲ್ಕು ಕಾಲಿನ ಸದ್ದು ಕೇಳಿಸ್ತಿದೆ. ಎರಡು ನನ್ನ ಮಗಂದು. ಇನ್ನೆರಡು ಯಾರದ್ದು ಅಂತ ಯಾರಾದ್ರೂ ಬಾಯಿ ಬಿಡ್ತೀರೋ, ಅಥವಾ ನಾನೇ ಎದ್ದು ಬಂದು ತಡವಿ ನೋಡ್ಲೋ?”

ಅವನು ಗುಬ್ಬಿಯ ಕಡೆ ನೋಡಿದ. ಏನೆಂದು ಪರಿಚಯ ಮಾಡಿಕೊಡುವುದು? ಬಾಯಿ ತೆರೆದ, ಮುಚ್ಚಿದ. ಮದುವೆಯ ಮಾತನ್ನು ಅವನಿನ್ನೂ ಎತ್ತಿರಲಿಲ್ಲ, ಎತ್ತುವುದು ಹೇಗೆಂದು ಅವನಿಗೆ ಗೊತ್ತೂ ಇರಲಿಲ್ಲ. ಚಿಲಕ ಹಿಡಿದ ಕೈ ಹಾಗೇ ನಿಂತಿತ್ತು.

ಗುಬ್ಬಿ ಒಂದು ಮೆಟ್ಟಿಲು ಮೇಲೆ ಹತ್ತಿದಳು. ಸೆರಗನ್ನು ಸರಿಮಾಡಿಕೊಂಡಳು.

“ನಾನು, ಅತ್ತೆ,” ಎಂದಳು.